ಕೊನೆಯ ಸಾಲಿನ ಬಿಲ್ ಪುಸ್ತಕ

ಇಂದು ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ, ಕನ್ನಡ ವಿಭಾಗದ ಉಪನ್ಯಾಸವೊಂದಕ್ಕೆ ಹೋಗಿದ್ದೆ. ಸಾಂತಾಕ್ರೂಜ್ ನಿಲ್ದಾಣದಲ್ಲಿ ರಿಕ್ಷಾ ಸಿಗದೆ ತಡವಾಗಿ, ಕೊನೆಯ ಸಾಲಿನಲ್ಲಿ ಕುಳಿತೆ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ಹೋಟೆಲಿನ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಉಪನ್ಯಾಸದ ಮುಖ್ಯ ಮಾತುಗಳನ್ನೆಲ್ಲ ದುಂಡಗಿನ ಅಕ್ಷರಗಳಲ್ಲಿ, ಒಂದು ಒತ್ತಕ್ಷರವೂ ತಪ್ಪದಂತೆ ಬರೆದುಕೊಳ್ಳುತ್ತಿದ್ದರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ದಕ್ಷಿಣ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು ಅವರೆಂದು ಚಹಾದ ವೇಳೆಗೆ ತಿಳಿಯಿತು. 1857ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಹಳೆಯ ಆವರಣವೂ ರಾಜಾಬಾಯಿ ಗೋಪುರವೂ ಇರುವುದು ಆ ಕೋಟೆಯಲ್ಲೇ.

“ಗೋಪುರದ ಗಡಿಯಾರ ನೋಡಿಕೊಂಡು ಶಾಲೆಗೆ ಓಡುತ್ತಿದ್ದೆವು ಮಾರಾಯ್ರೆ, ಗೇಟಿನ ಒಳಗೆ ಮಾತ್ರ ಹೋದದ್ದಿಲ್ಲ” ಎಂದು ನಕ್ಕರು.

ಪ್ರಶ್ನೋತ್ತರದಲ್ಲಿ ಎಂದಿನಂತೆ ಪ್ರಶ್ನೆಗಳಿಗಿಂತ ಭಾಷಣಗಳೇ ಹೆಚ್ಚಾಗಿದ್ದವು. ಅವರು ಏನನ್ನೂ ಕೇಳಲಿಲ್ಲ. ಹೊರಡುವಾಗ, ನಾನು ತಪ್ಪಿಸಿಕೊಂಡ ಆರಂಭದ ಭಾಗವಿದ್ದ ಹಾಳೆಯನ್ನು ಹರಿದು ನನ್ನ ಕೈಗಿಟ್ಟರು. ಈಗ ಲೋಕಲ್ ರೈಲಿನಲ್ಲಿ ಅದನ್ನು ಓದುತ್ತಿದ್ದೇನೆ. ಮುಂಬದಿಯಲ್ಲಿ 2 ಇಡ್ಲಿ, 1 ಚಹಾ ಎಂದಿದೆ.