ಬಯಲುಸೀಮೆಯಲ್ಲಿ ವ್ಯಾನ್ ಕ್ಯಾಂಪಿಂಗ್‌ಗೆ ಕಾರ್ತಿಕವೇ ಸರಿ

ಕ್ಯಾರವಾನ್, ಅಂದರೆ ಒಳಗೇ ಮಲಗುವ ವ್ಯವಸ್ಥೆ ಇರುವ ಗಾಡಿ, ಬಾಡಿಗೆಗೆ ತಗೊಂಡು ಸುತ್ತಬೇಕು ಅನ್ನುವವರು ಈಗ ನಮ್ಮ ದಾವಣಗೆರೆಯಲ್ಲೂ ಸಿಗುತ್ತಾರೆ. ತೊಂದರೆ ಏನಂದರೆ, ಮಕ್ಕಳಿಗೆ ರಜೆ ಅಂತ ಹೆಚ್ಚಿನವರು ಹೊರಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗಿನ ಬಿಸಿಲು ಹೇಗಿರುತ್ತದೆ ಅಂತ ನಮ್ಮವರಿಗೆ ಹೇಳಬೇಕಾ? ತಗಡಿನ ಗಾಡಿ, ಒಳಗೆ ನಾಲ್ಕು ಜನ, ರಾತ್ರಿ ಹನ್ನೊಂದಾದರೂ ಇಳಿಯದ ಸೆಕೆ. ಎಸಿ ಹಾಕೋಣ ಅಂದರೆ ಬ್ಯಾಟರಿ ಸಾಲುವುದಿಲ್ಲ, ಜನರೇಟರ್ ಹಾಕಿದರೆ ಅದರ ಸದ್ದಿಗೆ ನಿದ್ದೆ ಇಲ್ಲ. ನನ್ನ ಪ್ರಕಾರ ಚಿತ್ರದುರ್ಗ, ದಾವಣಗೆರೆ ಕಡೆ ಗಾಡಿಯಲ್ಲಿ ಮಲಗೋಕೆ ಒಳ್ಳೆ ಕಾಲ ಅಂದರೆ ಸೀಗೆ ಹುಣ್ಣಿಮೆ ಕಳೆದ ಮೇಲೆ, ಕಾರ್ತಿಕ ಮುಗಿಯುವವರೆಗೆ. ಕೆರೆ ತುಂಬಿರುತ್ತದೆ, ಆಷಾಢದ ಗಾಳಿ ನಿಂತಿರುತ್ತದೆ, ರಾತ್ರಿ ತಂಪು.

ಎಸಿ ಬೇಡ ಅಂದ ಕೂಡಲೇ ಅರ್ಧ ತಲೆನೋವು ಹೋಯಿತು. ಲೆಕ್ಕ ನೋಡಿ. 12 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 1.2 ಯೂನಿಟ್ ಕರೆಂಟ್. ಸಾವಿರ ವ್ಯಾಟಿನ ಎಸಿ ಅದನ್ನು ಒಂದು ಗಂಟೆ ಚಿಲ್ಲರೆಯಲ್ಲಿ ಕುಡಿದು ಮುಗಿಸುತ್ತದೆ. ಅದೇ ಬ್ಯಾಟರಿ ಒಂದು ಸಣ್ಣ ಫ್ಯಾನು, ಎರಡು ಲೈಟು, ಎಲ್ಲರ ಫೋನು, ಒಂದು ಪುಟ್ಟ ಫ್ರಿಜ್ಜು ಇಷ್ಟನ್ನೂ ರಾತ್ರಿಯಿಡೀ ನಡೆಸಿ ಬೆಳಿಗ್ಗೆ ಇನ್ನೂ ಸ್ವಲ್ಪ ಉಳಿಸಿಕೊಂಡಿರುತ್ತದೆ. ಗಾಡಿಯಲ್ಲಿ ಹಳೆ ಥರದ ಲೆಡ್ ಆಸಿಡ್ ಬ್ಯಾಟರಿ ಇದ್ದರೆ ಮಾತ್ರ ಅರ್ಧದಷ್ಟೇ ಬಳಸಿ, ಪೂರ್ತಿ ಇಳಿಸಿದರೆ ಅದು ಬೇಗ ಹಾಳಾಗುತ್ತದೆ.

ಯೂಟ್ಯೂಬ್ ನೋಡಿ ಹೀಟರ್ ತರಿಸುವವರೂ ಇದ್ದಾರೆ! ಅಮೆರಿಕದವರಿಗೆ ಶರತ್ಕಾಲ ಅಂದರೆ ಮುಂದೆ ಹಿಮ ಬರುವ ಸೂಚನೆ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯಬಾರದು ಅಂತ ಅವರು ಟ್ಯಾಂಕ್ ಖಾಲಿ ಮಾಡಿ, ಪೈಪಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಿ ಗಾಡಿ ನಿಲ್ಲಿಸುತ್ತಾರೆ. ನಮಗೆ ಅದೆಲ್ಲ ಯಾಕೆ? ಚಳ್ಳಕೆರೆ ಕಡೆಯ ಒಂದು ಕುರಿ ಉಣ್ಣೆ ಕಂಬಳಿ ಇದ್ದರೆ ಸಾಕು. ಚಳಿ ಅಂತ ಎಲ್ಲ ಕಿಟಕಿ ಮುಚ್ಚಿದರೆ ಉಸಿರಿನ ತೇವಕ್ಕೆ ಗಾಜೆಲ್ಲ ಬೆವರಿ ಬೆಳಿಗ್ಗೆ ಹಾಸಿಗೆ ತಣ್ಣಗಾಗಿರುತ್ತದೆ, ಅದಕ್ಕೇ ಮೇಲಿನ ಕಿಂಡಿ ಎರಡು ಬೆರಳಷ್ಟಾದರೂ ತೆಗೆದಿಡಿ. ಕೆಂಡದ ಒಲೆಯನ್ನಂತೂ ಒಳಗೆ ತರಲೇಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಹಾಗಾಗಿ ಸಿಲಿಂಡರ್ ಗೂಡಿನ ತಳದಲ್ಲಿ ಹೊರಗೆ ತೆರೆಯುವ ತೂತು ಇದೆಯಾ ಅಂತ ಬಗ್ಗಿ ನೋಡಿ.

ಈಗ ನಿಜವಾದ ವಿಷಯಕ್ಕೆ ಬರೋಣ: ನೆಲ. ನಮ್ಮ ಕಡೆ ದೊಡ್ಡ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಚಿತ್ತೆ, ಸ್ವಾತಿ ಮಳೆ ಯಾವ ಸಂಜೆ ಬೇಕಾದರೂ ಸುರಿಯಬಹುದು, ನವೆಂಬರಿನಲ್ಲಿ ಚಂಡಮಾರುತ ಎದ್ದರಂತೂ ಜಡಿಮಳೆ ಬಿಡುವುದಿಲ್ಲ. ಕೆರೆ ಪಕ್ಕ ಚೆಂದದ ಜಾಗ ಕಂಡಿತು ಅಂತ ಸುಮ್ನೆ ಗಾಡಿ ಇಳಿಸಬೇಡಿ, ಮೊದಲು ಇಳಿದು ಮಣ್ಣು ನೋಡಿ. ಕಪ್ಪು ಎರೆ ನೆಲ ಆದರೆ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಅರ್ಧ ಅಡಿ ಕೆಳಗೆ ಬೆಣ್ಣೆ. ಮೂರು ಟನ್ ಮೀರಿದ ಗಾಡಿ ಅಲ್ಲಿ ಕೂತರೆ ಟ್ರ್ಯಾಕ್ಟರ್ ಬರುವ ತನಕ ನಿಮ್ಮ ಕ್ಯಾಂಪಿಂಗ್ ಅಲ್ಲೇ. ಕೆಂಪು ಮಸಾರಿ, ಗರಸು ನೆಲ ಹುಡುಕಿ. ಎರಡು ಹಲಗೆ, ಒಂದು ಸಲಿಕೆ, ಎಳೆಯುವ ಬೆಲ್ಟ್ ಜೊತೆಗಿರಲಿ. ಗಾಡಿಯ ಮೂತಿ ರಸ್ತೆ ಕಡೆಗಿರಲಿ, ಮಳೆ ಬಂದರೆ ಹಿಂದೆ ಮುಂದೆ ಮಾಡುತ್ತಾ ಕೂರಬೇಕಾಗಿಲ್ಲ.

ಇನ್ನೊಂದು, ಕತ್ತಲಾಗುವ ಮುಂಚೆ ಜಾಗ ಸೇರಿ. ಇದೇ ಹೊತ್ತಿಗೆ ಮೆಕ್ಕೆಜೋಳದ ಕೊಯ್ಲು. ಹಳ್ಳಿ ರಸ್ತೆಯ ಅರ್ಧಕ್ಕೆ ಕಾಳು ಹರಡಿ ಅಂಚಿಗೆ ಕಲ್ಲು ಜೋಡಿಸಿರುತ್ತಾರೆ. ರಾತ್ರಿ ಆ ಕಲ್ಲು ಕಾಣುವುದಿಲ್ಲ, ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ಹಾರ್ನ್ ಹೊಡೆದು ರೈತರ ಮೇಲೆ ರೇಗಿ ಏನೂ ಪ್ರಯೋಜನವಿಲ್ಲ, ಪಾಪ ಅವರಿಗೆ ಒಣಗಿಸೋಕೆ ಬೇರೆ ಕಣ ಎಲ್ಲಿದೆ? ಗಾಡಿಯ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ, ಮೇಲಿನ ಎಸಿ ಡಬ್ಬವನ್ನೂ ಸೇರಿಸಿ. ರೈಲ್ವೆ ಅಂಡರ್‌ಪಾಸ್ ಎದುರು ನಿಂತು ಊಹೆ ಮಾಡುವ ವಿಷಯವಲ್ಲ ಅದು.

ಎಲ್ಲಿಗೆ ಹೋಗೋದು ಅಂತೀರಾ? ಹಿರಿಯೂರು ಹತ್ತಿರದ ಮಾರಿಕಣಿವೆ ನನಗೆ ಮೊದಲು. 1907ರಲ್ಲಿ ಮುಗಿದ ಅಣೆಕಟ್ಟು, 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನೀರು ತುಂಬಿರುವ ವರ್ಷ ಅಲ್ಲಿ ಹೋಗದೆ ಇರೋದು ತಪ್ಪು ಅಂತಲೇ ನನ್ನ ವಾದ. ಚನ್ನಗಿರಿ ಕಡೆಗಾದರೆ ಸೂಳೆಕೆರೆ, ಬರುವ ದಾರಿಯಲ್ಲಿ ಸಂತೆಬೆನ್ನೂರಿನ ಪುಷ್ಕರಣಿ. ಹತ್ತಿರ ಸಾಕು ಅನ್ನುವವರಿಗೆ ಕೊಂಡಜ್ಜಿ ಕೆರೆ. ಜೋಗಿಮಟ್ಟಿ ಅರಣ್ಯ, ಹಗಲು ನೋಡಿಕೊಂಡು ಇಳಿದು ಬನ್ನಿ. ರಾತ್ರಿ ನಿಲ್ಲಿಸೋಕೆ ಪರಿಚಯದವರ ತೋಟಕ್ಕಿಂತ ಒಳ್ಳೆ ಜಾಗ ನಾನು ನೋಡಿಲ್ಲ. ಕೇಳಿ ನಿಲ್ಲಿಸಿದರೆ ಬೇಡ ಅನ್ನುವವರು ಕಡಿಮೆ, ಜೊತೆಗೆ ಹೊಲದಿಂದ ಆಗಷ್ಟೇ ಕಿತ್ತ ಹಸಿ ಶೇಂಗಾ ಸಿಕ್ಕರೂ ಸಿಕ್ಕಿತು, ಉಪ್ಪು ಹಾಕಿ ಬೇಯಿಸಿದರೆ ರಾತ್ರಿ ಊಟವೇ ಬೇಡ.

ನೀರು ಲೀಟರಿಗೆ ಒಂದು ಕೆಜಿ ಅಲ್ವಾ, ಮನೆಯಿಂದಲೇ ನೂರು ಲೀಟರ್ ತುಂಬಿಸಿಕೊಂಡು ಹೊರಟರೆ ಡೀಸೆಲ್ ದಂಡ. ಅರ್ಧ ಟ್ಯಾಂಕ್ ಸಾಕು. ಆದರೆ ದುರ್ಗದ ಕಡೆ ಕೊಳವೆಬಾವಿ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ, ಅದನ್ನು ತೊಳೆಯೋಕೆ ಮಾತ್ರ ಇಟ್ಟುಕೊಳ್ಳಿ. ಕುಡಿಯೋಕೆ ಹಳ್ಳಿಗಳ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ.

ಸ್ವಂತ ಟೆಂಪೊ ಟ್ರಾವೆಲರನ್ನೇ ಕ್ಯಾರವಾನ್ ಮಾಡಿಸೋಣ ಅನ್ನುವವರಿಗೆ ಒಂದು ಮಾತು. ಗಾಡಿಯ ಮೂಲ ರಚನೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಕ್ಯಾರವಾನ್‌ಗಳಿಗೆ ಎಐಎಸ್-124 ಅಂತ ಬೇರೆ ಮಾನದಂಡವೇ ಇದೆ. ಗ್ಯಾರೇಜಿನವರು ಎಲ್ಲ ಆಗುತ್ತೆ ಬಿಡಿ ಅಂದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಬಾಡಿಗೆ ಗಾಡಿ ಆದರೆ ದುಡ್ಡು ಕೊಡುವ ಮೊದಲು ನೀರಿನ ಪಂಪ್ ಹಾಕಿ ನೋಡಿ, ಟೈರಿನ ಮೇಲಿನ ನಾಲ್ಕು ಅಂಕಿ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಓಡಿದ್ದು ಕಡಿಮೆ ಇದ್ದರೂ ಬಿಸಿಲಲ್ಲಿ ನಿಂತೇ ಹಳಸಿದ ಟೈರು ಇಂಥ ಗಾಡಿಗಳಲ್ಲಿ ಮಾಮೂಲು.

ಕೊನೆಗೆ ಟಾಯ್ಲೆಟ್. ಅದರ ಕ್ಯಾಸೆಟ್, ಅಂದರೆ ಹೊಲಸು ತುಂಬುವ ಡಬ್ಬ, ಖಾಲಿ ಮಾಡಬೇಕಾದದ್ದು ಸರಿಯಾದ ಶೌಚಾಲಯದಲ್ಲಿ, ಕೆರೆ ಕೋಡಿಯಲ್ಲೋ ಹೊಲದ ಬದುವಿನಲ್ಲೋ ಅಲ್ಲ. ಪಾತ್ರೆ ತೊಳೆದ ಸೋಪಿನ ನೀರಿಗೂ ಇದೇ ಮಾತು. ಯಾರ ಪಾಳಿ ಯಾವತ್ತು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ. ದಾರಿಯಲ್ಲಿ ಆ ಚರ್ಚೆ ಶುರುವಾದರೆ ಯಾರೂ ಒಪ್ಪುವುದಿಲ್ಲ.