ಕರಿ ಕಂಬಳಿ ಚುಚ್ಚಲೇಬೇಕು

ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಈಗ ಕರಿ ಕಂಬಳಿ ಸೋಫಾ ಮೇಲೆ ಹಾಸೋದು ಫ್ಯಾಷನ್. ಬಂದವರು ಮುಟ್ಟಿ ನೋಡಿ "ಅಯ್ಯೋ, ಚುಚ್ಚುತ್ತೆ" ಅಂತಾರೆ. ಕಂಬಳಿ ಮೇಲೆ ಕೂತು ಊಟ ಮಾಡ್ತಾ ಕೂದಲು ಹುಡುಕೋದು ಅಂದ್ರೆ ಇದೇ ಅಲ್ವಾ!

ಮಲೆನಾಡಲ್ಲಿ ಮಳೆಗೆ ಇದನ್ನೇ ಕೊಪ್ಪೆ, ಅಂದ್ರೆ ಮಡಚಿದ ಮುಸುಕು, ಮಾಡಿ ತಲೆಗೆ ಹಾಕಿಕೊಂಡು ನಾಟಿಗೆ ಇಳಿಯುತ್ತಿದ್ದರು. ಆದರೆ ನೇಯುವವರು ಬಯಲುಸೀಮೆಯ ಕುರುಬರು. ಚಳ್ಳಕೆರೆ ಕಂಬಳಿ ಅಂದ್ರೆ ಇವತ್ತಿಗೂ ಹೆಸರು. ಈ ಕಡೆ ಕಡೂರು, ಅರಸೀಕೆರೆ ತೋಟಗಳಲ್ಲಿ ಗೊಬ್ಬರಕ್ಕೆ ಅಂತ ಕುರಿ ಮಂದೆ ನಿಲ್ಲಿಸುತ್ತಾರಲ್ಲ, ಆ ಕುರಿ ಕಾಯೋರ ಹೆಗಲ ಮೇಲೆ ನೋಡಿ. ಹಾಸಿಗೆ, ಹೊದಿಕೆ, ರೇನ್‌ಕೋಟು, ಎಲ್ಲ ಅದೊಂದೇ.

ಕೆಲಸ ಮಾತ್ರ ಸಣ್ಣದಲ್ಲ. ಕುರಿ ತೊಳೆದು, ಉಣ್ಣೆ ಕತ್ತರಿಸಿ, ಹಿಂಜಿ, ನೂಲಬೇಕು. ನೂಲೋದು ಹೆಚ್ಚಾಗಿ ಹೆಂಗಸರು, ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯೋದು ಗಂಡಸರು. ನನಗೆ ತುಂಬಾ ಇಷ್ಟವಾಗೋದು ನಡುವಿನ ಒಂದು ಕೆಲಸ. ಹುಣಸೆಬೀಜ ನೆನೆಸಿ, ಅರೆದು, ಬೇಯಿಸಿದ ಅಂಟು ಗಂಜಿಯನ್ನ ಬಿಗಿಯಾಗಿ ಎಳೆದು ಕಟ್ಟಿದ ಹಾಸಿನ (ಉದ್ದಕ್ಕೆ ಬರೋ) ನೂಲಿಗೆ ದೊಡ್ಡ ಬ್ರಷ್ಷಿನಲ್ಲಿ ಸವರುತ್ತಾರೆ, ಎದ್ದು ನಿಂತ ಕೂದಲೆಲ್ಲ ನೂಲಿಗೆ ಅಂಟಿಕೊಂಡು ಮಲಗುತ್ತೆ, ಇಲ್ಲದಿದ್ದರೆ ಮಗ್ಗದಲ್ಲಿ ಎಳೆ ತುಂಡಾಗೋದು ಗ್ಯಾರಂಟಿ. ಹೊಸ ಕಂಬಳಿ ತಗಡಿನ ಹಾಗೆ ಸೆಟೆದು ನಿಲ್ಲೋದು ಇದರಿಂದಲೇ. ಬಣ್ಣ ಹಾಕೋದಿಲ್ಲ, ಕುರಿ ಕಪ್ಪಾದರೆ ಕಂಬಳಿಯೂ ಕಪ್ಪು. ಇನ್ನು ಉಣ್ಣೆ ತನ್ನ ತೂಕದ ಶೇ 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನಿಸೋದಿಲ್ಲ. ಪ್ಲಾಸ್ಟಿಕ್ ಕೋಟಿನಲ್ಲಿ ಬೆವರಿ ಬೆಂದವರಿಗೆ ಇದರ ಬೆಲೆ ಗೊತ್ತು.

ಈಗ ಕುರಿ ಸಾಕೋದು ಮಾಂಸಕ್ಕೆ, ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟೋದು ಕಷ್ಟ. ಅದಕ್ಕೇ "ಕೈಮಗ್ಗದ ಕಂಬಳಿ ದುಬಾರಿ" ಅಂತ ಚೌಕಾಸಿ ಮಾಡೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಅದೇ ಜನ ಸಂತೆಯಲ್ಲಿ ಮೆತ್ತಗಿರೋ ಮಿಲ್ ಹೊದಿಕೆಯನ್ನ ಕಂಬಳಿ ಅಂದುಕೊಂಡು ಖುಷಿಯಾಗಿ ತರುತ್ತಾರೆ! ಅನುಮಾನ ಇದ್ದರೆ ಅಂಚಿಂದ ಒಂದು ಎಳೆ ಕಿತ್ತು ಸುಡಿ. ಸುಟ್ಟ ಕೂದಲಿನ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ಕೋ ಪಾಲಿಯೆಸ್ಟರ್ರೋ, ಅಷ್ಟೆ.

ತಂದ ಮೇಲೆ ದಯವಿಟ್ಟು ವಾಷಿಂಗ್ ಮಷೀನಿಗೆ ಬಿಸಿನೀರಲ್ಲಿ ಹಾಕಬೇಡಿ, ಕುಗ್ಗಿ ಕೂರುತ್ತೆ. ಚೆನ್ನಾಗಿ ಕೊಡವಿ ಬಿಸಿಲಿಗೆ ಹಾಕಿ, ಎತ್ತಿಡುವಾಗ ಮಡಿಕೆಯೊಳಗೆ ಒಣಗಿದ ಬೇವಿನ ಸೊಪ್ಪು ಇಡಿ.