ಮಾಲ್ಟಾಕ್ಕೆ ಹೋಗೋರೇ, ಬಸ್ಸು ನಂಬಬೇಡಿ, ಪಸ್ತಿತ್ಸಿ ಬಿಡಬೇಡಿ

ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾ ಬರೀ 316 ಚದರ ಕಿಲೋಮೀಟರ್. ಬೆಂಗಳೂರಿನ ಅರ್ಧದಷ್ಟೂ ಇಲ್ಲ. "ಎಲ್ಲಿ ಉಳಿದರೇನು ಸಾರ್, ಎಲ್ಲಾ ಕಡೆ ಬಸ್ಸಿದೆ" ಅಂತ ನಮ್ಮ ಏಜೆಂಟ್ ಸೇಂಟ್ ಜೂಲಿಯನ್ಸ್‌ನಲ್ಲಿ ರೂಮು ಹಾಕಿಸಿಕೊಟ್ಟ. ಅವನು ಕೊಟ್ಟ ಬಣ್ಣಬಣ್ಣದ ಹಾಳೆಯ ಮೇಲೆ ಸಮುದ್ರದಲ್ಲಿ ಕಮಾನಿನ ಹಾಗೆ ನಿಂತ ಬಂಡೆಯ ಚಿತ್ರ ದೊಡ್ಡದಾಗಿತ್ತು. ಅದೇ ಅಜೂರ್ ವಿಂಡೋ. 2017ರ ಮಾರ್ಚ್‌ನಲ್ಲೇ ಬಿರುಗಾಳಿಗೆ ಕುಸಿದು ನೀರು ಪಾಲಾಗಿದೆ! ಆ ಚಿತ್ರ ನೋಡಿಕೊಂಡು ಹೋಗೋರು ಈಗಲೂ ಇದ್ದಾರೆ ಪಾಪ.

ಬಸ್ಸಿದೆ ಅನ್ನೋದೇನೋ ನಿಜ. ಆದರೆ ಹತ್ತಲು ಜಾಗ ಇರಬೇಕಲ್ಲ? 2022ರ ಅಕ್ಟೋಬರ್‌ನಿಂದ ಕಾರ್ಡ್ ಮಾಡಿಸಿಕೊಂಡ ಸ್ಥಳೀಯರಿಗೆ ಬಸ್ಸು ಉಚಿತ. ನಮ್ಮೂರಿನ ಶಕ್ತಿ ಯೋಜನೆ ನೋಡಿದವರಿಗೆ ಮುಂದಿನದು ಹೇಳಬೇಕಿಲ್ಲ. ಒಂದೇ ವ್ಯತ್ಯಾಸ, ಅಲ್ಲಿ ಬಾಗಿಲಲ್ಲಿ ಜೋತು ಬೀಳೋ ಹಾಗಿಲ್ಲ. ತುಂಬಿದ ಬಸ್ಸು ನಿಲ್ಲಿಸೋದೇ ಇಲ್ಲ. ಗೋಜೋ ದ್ವೀಪಕ್ಕೆ ಹೋಗಬೇಕು ಅಂತ ಬೆಳಿಗ್ಗೆ ಎದ್ದು ಸ್ಟಾಪಿನಲ್ಲಿ ನಿಂತೆವು. ಒಂದರ ಹಿಂದೆ ಒಂದು ಬಸ್ಸು ಬಂತು, ಡ್ರೈವರ್ ಕೈಯಾಡಿಸಿ ಮುಂದೆ ಹೋದ. ಸ್ಟಾಪಿಗೆ ನೆರಳಿಲ್ಲ. ಪಕ್ಕದಲ್ಲಿ ಕಟ್ಟಡ ಕೆಲಸ, ಸುಣ್ಣಕಲ್ಲಿನ ಧೂಳೆಲ್ಲ ತಲೆ ಮೇಲೆ. ಕೊನೆಗೆ ಹತ್ತಿದ ಬಸ್ಸಿನಲ್ಲಿ ಒಂದು ಗಂಟೆಗೂ ಜಾಸ್ತಿ ನಿಂತುಕೊಂಡೇ, ಗೋಜೋ ಫೆರ್ರಿ ಹೊರಡೋ ಚಿರ್ಕೆವ್ವಾ ಬಂದರು ತಲುಪಿದೆವು.

ಹಾಗಾಗಿ ನನ್ನ ಸಲಹೆ ಇಷ್ಟು. ರಾಜಧಾನಿ ವಲೆಟ್ಟಾದಲ್ಲೋ, ಅದರ ಪಕ್ಕದ ಫ್ಲೋರಿಯಾನಾದಲ್ಲೋ ರೂಮು ಹಿಡಿಯಿರಿ. ಬಹುತೇಕ ಬಸ್ಸು ಹೊರಡೋದು ವಲೆಟ್ಟಾ ಕೋಟೆ ಬಾಗಿಲ ಹೊರಗಿನ ನಿಲ್ದಾಣದಿಂದ, ಸೀಟು ಸಿಗುತ್ತೆ. ಗೋಜೋಗೆ ವಲೆಟ್ಟಾದಿಂದಲೇ ಫಾಸ್ಟ್ ಫೆರ್ರಿ ಇದೆ, ಮುಕ್ಕಾಲು ಗಂಟೆ. ಬಸ್ಸಿನ ಗೋಳೇ ಇಲ್ಲ. ಸೇಂಟ್ ಜೂಲಿಯನ್ಸ್ ರಾತ್ರಿ ಕುಣಿಯೋ ಹುಡುಗರಿಗೆ ಸರಿ. ನಮ್ಮ ರೂಮಿನ ಕಿಟಕಿ ತೆರೆದರೆ ಗಾಳಿಗೆ ಅಂತ ಬಿಟ್ಟ ಕಿರಿದಾದ ಸಂದಿಯ ಗೋಡೆ. ಎಸಿಗೆ ಬೇರೆ ದುಡ್ಡು ಅಂತ ಕೀಲಿ ಕೊಡುವಾಗ ಹೇಳಿದರು. ಬುಕ್ ಮಾಡುವ ಮೊದಲೇ ಈ ಎರಡನ್ನೂ ಬರೆದು ಕೇಳಿಕೊಳ್ಳಿ.

ಇಷ್ಟೆಲ್ಲ ಬೈದ ಮೇಲೂ ಆ ದೇಶವನ್ನು ಕ್ಷಮಿಸಿದ್ದು ರಬಾತ್ ಊರಿನ ಒಂದು ಚಿಕ್ಕ ಅಂಗಡಿಯಿಂದ. ಹಳೇ ರಾಜಧಾನಿ ಇಮ್ದೀನಾದ ಕೋಟೆಯಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದರೆ ಕ್ರಿಸ್ಟಲ್ ಪ್ಯಾಲೇಸ್ ಅಂತ ಬೋರ್ಡು. ಹೆಸರು ನೋಡಿ ಅರಮನೆ ಅಂದುಕೊಳ್ಳಬೇಡಿ, ಕೂರಲು ಕೆಲವೇ ಟೇಬಲ್. ಊರಿನವರು ಇಸ್-ಸೆರ್ಕಿನ್ ಅಂತಾರೆ. ಇಲ್ಲಿ ತಿನ್ನಬೇಕಾದ್ದು ಪಸ್ತಿತ್ಸಿ. ನಮ್ಮ ಅಯ್ಯಂಗಾರ್ ಬೇಕರಿ ಪಫ್‌ನ ದಾಯಾದಿ ಅನ್ನಿ, ಆದರೆ ಪದರ ಇನ್ನೂ ತೆಳು, ಇನ್ನೂ ಗರಿಗರಿ. ಒಲೆಯಿಂದ ತಟ್ಟೆ ಹೊರಬಂದ ತಕ್ಷಣ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಕಚ್ಚಿದರೆ ಪುಡಿಯೆಲ್ಲ ಅಂಗಿ ಮೇಲೆ, ಬಾಯಿ ಸುಟ್ಟೇ ಸುಡುತ್ತೆ. ಹೂರಣ ಮುಖ್ಯವಾಗಿ ಎರಡು ಬಗೆ: ರಿಕೋಟಾ ಅನ್ನೋ ಮೆತ್ತನೆ ಚೀಸ್, ಇಲ್ಲವೇ ಅರೆದ ಬಟಾಣಿ. ಮಡಿಕೆ ನಡುವೆ ಬಾಯಿ ಬಿಟ್ಟಿದ್ದರೆ ಚೀಸ್, ಪಕ್ಕಕ್ಕಿದ್ದರೆ ಬಟಾಣಿ. ಬಟಾಣಿಯದ್ದರಲ್ಲಿ ಮಸಾಲೆ ಪುಡಿಯ ಘಮ ಇರುತ್ತೆ, ನಮ್ಮ ನಾಲಿಗೆಗೆ ಅದೇ ಹತ್ತಿರ. ಜೊತೆಗೆ ಗಾಜಿನ ಲೋಟದಲ್ಲಿ ಡಬ್ಬಿ ಹಾಲು ಹಾಕಿದ ಗಟ್ಟಿ ಟೀ. ಯೂರೋಪಿನಲ್ಲಿ ಟೀ ಅಂದರೆ ಬಿಸಿನೀರು, ಒಂದು ಚೀಲ ಅಂತ ಬೇಜಾರಾಗಿದ್ದವನಿಗೆ ಜೀವ ಬಂದ ಹಾಗಾಯ್ತು. ನಾನು ಹೋದಾಗ ಒಂದು ಪಸ್ತಿತ್ಸಿಗೆ ಒಂದು ಯೂರೋ ಕೂಡ ಇರಲಿಲ್ಲ. ಅಷ್ಟರಲ್ಲಿ ವಲೆಟ್ಟಾದ ಹೋಟೆಲುಗಳಲ್ಲಿ ನೀರಿನ ಬಾಟಲಿಯೂ ಬರಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಪದರಕ್ಕೆ ಕೆಲವು ಕಡೆ ಹಂದಿ ಕೊಬ್ಬು ಹಾಕುತ್ತಾರೆ, ಕೆಲವು ಕಡೆ ಮಾರ್ಗರಿನ್. ಪ್ರತಿ ಅಂಗಡಿಯಲ್ಲೂ ಕೇಳಿ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲೊಂದು, ಕೇಳಲು ಕಷ್ಟವಿಲ್ಲ. ಫ್ತೀರಾ ಅನ್ನೋ ಬಳೆಯಾಕಾರದ ರೊಟ್ಟಿ 2020ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿ ಸೇರಿದೆ. ಆದರೆ ಅದರೊಳಗೆ ಟ್ಯೂನಾ ಮೀನು ಹಾಕೋದು ರೂಢಿ, ಮೊದಲೇ ಬೇಡ ಅನ್ನಿ. ಟೊಮೆಟೊ, ಆಲಿವ್ ಎಣ್ಣೆ, ಕೇಪರ್ ಅನ್ನೋ ಉಪ್ಪಿನಲ್ಲಿಟ್ಟ ಮೊಗ್ಗು ಇದ್ದರೆ ಸಾಕು. ವಲೆಟ್ಟಾ ಬಾಗಿಲ ಬಳಿ ಖರ್ಜೂರ ತುಂಬಿ ಎಣ್ಣೆಯಲ್ಲಿ ಕರಿದ ಇಮ್‌ಅರೆತ್ ಮಾರುತ್ತಾರೆ, ಬಿಸಿ ಇದ್ದರೆ ಮಾತ್ರ ತೊಗೊಳ್ಳಿ. ಮಾರ್ಸಶ್ಲೋಕ್‌ನ ಭಾನುವಾರದ ಮೀನು ಸಂತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಆ ನೂಕುನುಗ್ಗಲು ಆಗಲ್ಲ. ಮೂತಿಗೆ ಕಣ್ಣು ಬರೆದ ಲುತ್ಸು ದೋಣಿಗಳನ್ನು ಬೇರೆ ದಿನ ಆರಾಮಾಗಿ ನೋಡಬಹುದು.

ಇನ್ನು ಲೇಸ್ ಬಟ್ಟೆ, ಅಂದರೆ ನೂಲು ಹೆಣೆದು ಮಾಡೋ ಜಾಲರಿ ಕಸೂತಿ. ವಲೆಟ್ಟಾದ ಒಂದು ಅಂಗಡಿಯಲ್ಲಿ "ಗೋಜೋದ ಕೈಕೆಲಸ" ಅಂತ ದೊಡ್ಡ ಟೇಬಲ್ ಬಟ್ಟೆಯನ್ನು ಮೂವತ್ತು ಯೂರೋಗೆ ಚೌಕಾಸಿ ಮಾಡಿ ಕೊಡಲು ಬಂದರು. ಯಾರು ನೇಯ್ದದ್ದು ಅಂದರೆ ಉತ್ತರವಿಲ್ಲ. ಗೋಜೋದ ವಿಕ್ಟೋರಿಯಾ ಊರಿನ ಗಲ್ಲಿಯಲ್ಲಿ ಒಬ್ಬ ಅಜ್ಜಿ ಕೆಲಸ ಮಾಡುತ್ತಾ ಕೂತಿದ್ದರು. ಹುಲ್ಲು ತುಂಬಿದ ಉದ್ದ ದಿಂಬನ್ನು ಗೋಡೆಗೆ ಒರಗಿಸಿಕೊಂಡು, ಸೂಜಿ ಚುಚ್ಚಿದ ನಕ್ಷೆಯ ಮೇಲೆ ನೂಲು ಸುತ್ತಿದ ಮರದ ಕಡ್ಡಿಗಳನ್ನು ಟಕಟಕ ಅಂತ ಅದಲುಬದಲು ಮಾಡುತ್ತಿದ್ದರು. ನಾನು ನಿಂತಷ್ಟು ಹೊತ್ತಿನಲ್ಲಿ ಆದದ್ದು ಗೋಧಿ ತೆನೆಯ ಒಂದೇ ಚಿತ್ತಾರ, ಉಗುರಿನಷ್ಟು. ಮೂವತ್ತು ಯೂರೋಗೆ ಟೇಬಲ್ ಬಟ್ಟೆ ಹೇಗೆ ಬರುತ್ತೆ, ನೀವೇ ಹೇಳಿ. ಕೊಳ್ಳುವುದಾದರೆ ಮಾಡೋರ ಕೈಯಿಂದಲೇ ಚಿಕ್ಕದೊಂದು ಕೊಳ್ಳಿ. ಕೊಳ್ಳದಿದ್ದರೂ ವಲೆಟ್ಟಾದ ಚೌಕದಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ನೋಡಿ, ಮಡಿಲ ಮೇಲೆ ಮಾಲ್ಟಾ ಲೇಸನ್ನು ಕಲ್ಲಿನಲ್ಲೇ ಕೆತ್ತಿದ್ದಾರೆ. ತಾ ಖಾಲಿ ಅನ್ನೋ ಕರಕುಶಲ ಗ್ರಾಮ ಹಳೇ ಯುದ್ಧ ವಿಮಾನನಿಲ್ದಾಣದ ಜಾಗ. ಗಾಜು ಊದೋದನ್ನು ನೋಡಲು ಹೋಗಬಹುದು, ಉಳಿದದ್ದು ಅಂಗಡಿ ಸಾಲು.

ವಲೆಟ್ಟಾದ ಸೇಂಟ್ ಜಾನ್ಸ್ ಕೋ-ಕ್ಯಾಥೆಡ್ರಲ್ ಚರ್ಚು ಹೊರಗಿಂದ ಗೋದಾಮಿನಷ್ಟು ಸಪ್ಪೆ, ಒಳಗೆ ಕಣ್ಣು ಕುಕ್ಕುವ ಚಿನ್ನ. ಇಟಲಿಯ ಚಿತ್ರಕಾರ ಕರವಾಜ್ಜೋ 1608ರಲ್ಲಿ ಬರೆದ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರ ಅಲ್ಲಿದೆ. ಚಿತ್ರದಲ್ಲಿ ಹರಿಯೋ ರಕ್ತದಲ್ಲೇ ಸಹಿ ಹಾಕಿದ್ದಾನೆ, ಅವನು ಸಹಿ ಮಾಡಿದ ಚಿತ್ರ ಅದೊಂದೇ. ನೆಲವೆಲ್ಲ ಅಮೃತಶಿಲೆಯ ಸಮಾಧಿಗಳು, ಚೂಪು ಹಿಮ್ಮಡಿ ಚಪ್ಪಲಿ ಬಿಡಲ್ಲ. ಭಾನುವಾರ ಪ್ರವಾಸಿಗರಿಗೆ ತೆರೆದಿರಲ್ಲ.

ಹಾಲ್ ಸಫ್ಲಿಯೆನಿ ಹೈಪೊಜಿಯಂ ಮಾತ್ರ ಕಡೇ ಗಳಿಗೆಗೆ ಬಿಡಬೇಡಿ. ಐದು ಸಾವಿರ ವರ್ಷಕ್ಕೂ ಹಿಂದೆ ಬಂಡೆ ಕೊರೆದು ಮಾಡಿದ ನೆಲದಡಿಯ ಸಮಾಧಿ. ಉಸಿರಿನ ತೇವಕ್ಕೆ ಗೋಡೆಯ ಕೆಂಪು ಬಣ್ಣ ಹಾಳಾಗುತ್ತೆ ಅಂತ ಒಂದು ಸಲಕ್ಕೆ ಹತ್ತೇ ಜನ, ದಿನಕ್ಕೆ ಎಂಬತ್ತು. ಬಾಗಿಲಲ್ಲಿ ಬೇಡಿಕೊಂಡು ವಾಪಸ್ ಹೋದವರನ್ನು ನೋಡಿದೆ. ಆರು ವರ್ಷದೊಳಗಿನ ಮಕ್ಕಳನ್ನು ಬಿಡಲ್ಲ, ಫೋಟೋ ಕೂಡ ತೆಗೆಯುವಂತಿಲ್ಲ. ವಿಮಾನದ ಟಿಕೆಟ್ ಕೈಗೆ ಬಂದ ದಿನವೇ ಇದನ್ನೂ ಬುಕ್ ಮಾಡಿಬಿಡಿ.